ಬೈಕ್ ಗ್ರಿಪ್ ಹಾಕಲು ಪೆಟ್ರೋಲ್ ಬೇಕೇ? ಇಲ್ಲಿದೆ ಸತ್ಯಾಂಶ

ಭಾರತೀನಗರದ ಕಬ್ಬಿನ ಗದ್ದೆಗಳ ನಡುವೆ ಓಡಾಡುವ ಬೈಕ್‌ಗಳ ಹ್ಯಾಂಡಲ್ ಗ್ರಿಪ್ ಬಿಸಿಲು, ಬೆವರಿಗೆ ಸವೆದು ಜಾರತೊಡಗುತ್ತದೆ. ಮನೆಯಲ್ಲೇ ಹೊಸದು ಹಾಕುವವರಿಗೆ ಸಿಗುವ ಸಲಹೆ: 'ಒಳಗೆ ಸ್ವಲ್ಪ ಪೆಟ್ರೋಲ್ ಬಿಡಿ, ಸಲೀಸಾಗಿ ಕೂರುತ್ತೆ.' ಇದು ನಿಜವೇ?

ಕೂರುವುದು ನಿಜ. ದ್ರವದ ತೆಳುಪದರ ಘರ್ಷಣೆ ತಗ್ಗಿಸುತ್ತದೆ. ಅದು ಆರಿದ ಮೇಲೆ ರಬ್ಬರ್ ಬಿಗಿಯಾಗಿ ಹಿಡಿಯುತ್ತದೆ. ಗಾಲ್ಫ್ ಕೋಲಿಗೆ ಗ್ರಿಪ್ ತೊಡಿಸುವಾಗಲೂ ದ್ರವ ಬಳಸುವುದು ಇದಕ್ಕೇ. ಅಲ್ಲಿ ಒಳಗೆ ಎರಡೂ ಬದಿ ಅಂಟುವ ಟೇಪ್ ಇರುತ್ತದೆ.

ಆದರೆ ಆ ದ್ರವ ಪೆಟ್ರೋಲೇ ಆಗಬೇಕಿಲ್ಲ. ಮೈನಸ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಈ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಒಲೆಯನ್ನೋ ದೇವರ ದೀಪವನ್ನೋ ತಲುಪಬಹುದು. ರಬ್ಬರ್ ಕೂಡ ಉಬ್ಬಿ ಮೆತ್ತಗಾಗಬಹುದು.

ಏನು ಮಾಡಬೇಕು? ಹಳೆಯ ಗ್ರಿಪ್ ಸೀಳಿ ತೆಗೆಯಿರಿ. ಜಿಡ್ಡು ಒರೆಸಿ, ತೆಳುವಾದ ಸೋಪಿನ ನೀರು ಸವರಿ ಹೊಸದನ್ನು ತಳ್ಳಿ. ರಾತ್ರಿಯಿಡೀ ಒಣಗಲಿ. ಗ್ರಿಪ್ ಜಾರುತ್ತಿದ್ದರೆ ಬೈಕ್ ಓಡಿಸಬೇಡಿ. ಆಕ್ಸಿಲರೇಟರ್ ಬಿಟ್ಟ ತಕ್ಷಣ ತಾನಾಗಿ ಹಿಂದಕ್ಕೆ ಬರುತ್ತದೆಯೇ ಎಂದೂ ನೋಡಿ.

ತೀರ್ಮಾನ: ಸಲಹೆ ಅರ್ಧ ಸತ್ಯ. ಫಾರ್ವರ್ಡ್ ಮಾಡುವ ಮುನ್ನ 'ಪೆಟ್ರೋಲ್' ಅಳಿಸಿ 'ಸೋಪಿನ ನೀರು' ಎಂದು ಬರೆಯಿರಿ.