ಹಸಿರು ಮೇವು ಹಾಕುವ ಮುನ್ನ



ನಮ್ಮ ಆದವಾನಿ, ಆಲೂರು, ಎಮ್ಮಿಗನೂರು ಸೀಮೆಯಲ್ಲಿ ಮಳೆ ಕೈಕೊಟ್ಟರೆ ದನಗಳಿಗೆ ಮೇವಿನ ಕೊರತೆ. ಒಣ ಸೊಪ್ಪೆಗಿಂತ ಹಸಿರು ಜೋಳ ಹಾಕಿಸೋಣವೆಂದು ನಮಗೆ ಅನಿಸುವುದು ಸಹಜ. ಆದರೆ ಪುಣ್ಯಕ್ಕೆಂದು ಹಾಕಿದ ಮೇವೇ ಮೂಕಪ್ರಾಣಿಯ ಜೀವ ತೆಗೆದರೆ?

ಎಳೆ ಜೋಳದಲ್ಲಿರುವ ‘ಧುರಿನ್’ ಎಂಬ ವಸ್ತುವನ್ನು 1902ರಲ್ಲಿ ಇಂಗ್ಲೆಂಡಿನ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ವಿಜ್ಞಾನಿಗಳು ಗುರುತಿಸಿದರು. ದನ ಎಲೆ ಅಗಿದಾಗ ಧುರಿನ್ ಒಡೆದು ಸಯನೈಡ್ ವಿಷ ಹುಟ್ಟುತ್ತದೆ. ರಕ್ತದಲ್ಲಿ ಪ್ರಾಣವಾಯು ಇದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಏದುಸಿರು, ಜೊಲ್ಲು, ನಡುಕ ಕಾಣುತ್ತವೆ. ಹೆಚ್ಚು ತಿಂದಿದ್ದರೆ ಕೆಲವೇ ನಿಮಿಷಗಳಲ್ಲಿ ಸಾವು.

ಮೊಣಕಾಲೆತ್ತರದ ಎಳೆ ಪೈರು, ನೀರಿಲ್ಲದೆ ಬಾಡಿದ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ, ಈ ಮೂರೂ ಅಪಾಯ. ಪೈರು ಬಲಿತು ಹೂ ಬಿಟ್ಟ ಮೇಲೆ ವಿಷ ಇಳಿಯುತ್ತದೆ. ಚೆನ್ನಾಗಿ ಒಣಗಿಸಿದರೂ ಕಡಿಮೆಯಾಗುತ್ತದೆ. ಪರೀಕ್ಷೆಯೂ ಉಂಟು. ಸೋಡಿಯಂ ಪಿಕ್ರೇಟ್ ಹಚ್ಚಿದ ಹಳದಿ ಕಾಗದವನ್ನು ಜಜ್ಜಿದ ಎಲೆಯಿರುವ ಸೀಸೆಯಲ್ಲಿ ತೂಗುಬಿಟ್ಟರೆ, ವಿಷದ ಆವಿ ತಾಗಿ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಇದು ಪ್ರಯೋಗಾಲಯದವರ ಕೆಲಸ.

ದನ ಕುಸಿದರೆ ಮನೆಮದ್ದಿಗೆ ಕಾಯಬಾರದು. ಪಶುವೈದ್ಯರು ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದುಗಳನ್ನು ತಡಮಾಡದೆ ರಕ್ತನಾಳಕ್ಕೆ ಕೊಟ್ಟರೆ ಉಳಿಯಬಹುದು.

ಹತ್ತಿಯ ಎಳೆ ಹಿಡಿದು ನೋಡದೆ ನಾವು ದರ ಹೇಳುವವರಲ್ಲ. ಮೇವಿನ ಗಾಡಿಗೆ ಹಣ ಕೊಡುವಾಗಲೂ ಒಂದು ಮಾತು ಕೇಳೋಣ: “ಜೋಳ ಹೂ ಬಿಟ್ಟಿದೆಯೇನಪ್ಪಾ?”