ಉಪ್ಪುನೀರಿಗೂ ಬಡ್ಡಿಯೆ?

1970ನೆಯ ಇಸವಿಯ ನವೆಂಬರ್ 12ರ ರಾತ್ರಿ ಭೋಲಾ ದ್ವೀಪದ ಮೇಲೆ ಬಂದೆರಗಿದ ಚಂಡಮಾರುತವು, ಅಂದು ಪೂರ್ವ ಪಾಕಿಸ್ತಾನವೆನಿಸಿಕೊಂಡಿದ್ದ ಬಂಗಾಳದ ಕರಾವಳಿಯಲ್ಲಿ ಮೂರರಿಂದ ಐದು ಲಕ್ಷ ಜನರನ್ನು ಆಹುತಿ ತೆಗೆದುಕೊಂಡಿತೆಂದು ಅಂದಾಜು. ಸತ್ತವರ ಲೆಕ್ಕದಲ್ಲಿಯೇ ಎರಡು ಲಕ್ಷದ ಅಂತರ ಉಳಿದುಬಿಟ್ಟಿತೆಂದಮೇಲೆ, ಬದುಕಿದ್ದಾಗ ಅವರನ್ನು ಲೆಕ್ಕಕ್ಕೆ ಹಿಡಿದವರಾದರೂ ಎಷ್ಟು ಮಂದಿಯೆಂಬುದನ್ನು ಊಹಿಸಿಕೊಳ್ಳಬಹುದು. 37 ವರ್ಷಗಳ ತರುವಾಯ ಅದೇ ತೀರವನ್ನು ಸಿದ್ರ್ ಎಂಬ ಘೋರ ಚಂಡಮಾರುತ ಅಪ್ಪಳಿಸಿದಾಗ ಮಡಿದವರು ಸುಮಾರು 3,400. ಇದೂ ಅಲ್ಪಸಂಖ್ಯೆಯಲ್ಲ, ನಿಜ. ಆದರೆ ಲಕ್ಷಗಳು ಸಾವಿರಗಳಿಗೆ ಇಳಿದದ್ದು ಗಾಳಿಯ ಕರುಣೆಯಿಂದಲ್ಲ.

ಬಾಂಗ್ಲಾದೇಶ ಹುಟ್ಟಿದ ಹೊಸತರಲ್ಲಿಯೇ ಸರ್ಕಾರವೂ ರೆಡ್ ಕ್ರಾಸ್ ಸಂಸ್ಥೆಯೂ ಕೂಡಿ ಚಂಡಮಾರುತಕ್ಕೆ ಸನ್ನದ್ಧವಾಗುವ ಕಾರ್ಯಕ್ರಮವೊಂದನ್ನು ಆರಂಭಿಸಿದವು. ಅದರ ಸ್ವಯಂಸೇವಕರ ಸಾಮಗ್ರಿ ಏನೆಂದು ನೋಡಿದರೆ ಆಶ್ಚರ್ಯವಾಗುತ್ತದೆ: ಕೈಯಲ್ಲಿ ತಿರುಗಿಸುವ ಸೈರನ್ನು, ಒಂದು ಮೆಗಾಫೋನು, ಅಪಾಯದ ತೀವ್ರತೆಗೆ ತಕ್ಕಂತೆ ಒಂದು, ಎರಡು, ಮೂರೆಂದು ಏರಿಸುವ ಬಾವುಟಗಳು. ದನಕರುಗಳನ್ನು ಬಿಟ್ಟು ರೈತ ಮನೆಯಿಂದ ಕದಲಲಾರನೆಂಬುದನ್ನು ಅರಿತು, ಅವುಗಳಿಗಾಗಿ ಎತ್ತರದ ಮಣ್ಣಿನ ದಿಬ್ಬಗಳನ್ನೂ ಕಟ್ಟಿದರು. ಆದರೂ 1991ರ ಚಂಡಮಾರುತದಲ್ಲಿ ಸತ್ತ ಸುಮಾರು 1,38,000 ಜನರ ಪೈಕಿ ಹೆಂಗಸರೇ ಬಹುವಾಗಿ ಹೆಚ್ಚು. ಗಂಡ ಹೇಳದೆ ಮನೆ ಬಿಡಬಾರದೆಂಬ ಕಟ್ಟಳೆ ಒಂದು ಕಡೆ, ಪರಪುರುಷರು ಕಿಕ್ಕಿರಿದ ಆಶ್ರಯಗೃಹಕ್ಕೆ ಹೋಗುವುದು ಹೇಗೆಂಬ ಸಂಕೋಚ ಇನ್ನೊಂದು ಕಡೆ. ಆ ಬಳಿಕ ಕಟ್ಟಿದ ಆಶ್ರಯಗೃಹಗಳಲ್ಲಿ ಸ್ತ್ರೀಯರಿಗೆ ಪ್ರತ್ಯೇಕ ಕೊಠಡಿಗಳಾದವು. ಇಂದು ಆ ಕಾರ್ಯಕ್ರಮದ ಸುಮಾರು 76,000 ಸ್ವಯಂಸೇವಕರಲ್ಲಿ ಅರ್ಧದಷ್ಟು ಮಂದಿ ಹೆಂಗಸರು. ಮಿಕ್ಕ ದಿನಗಳಲ್ಲಿ ಆ ಆಶ್ರಯಗೃಹಗಳ ಪೈಕಿ ಅನೇಕವುಗಳಲ್ಲಿ ಮಕ್ಕಳು ಮಗ್ಗಿ ಕಲಿಯುತ್ತಾರೆ.

ಪ್ರಾಣ ಉಳಿಸಿಕೊಳ್ಳುವ ವಿದ್ಯೆಯನ್ನು ಬಡವರು ಹೀಗೆ ಕಲಿತರು. ಬದುಕನ್ನು ಉಳಿಸಿಕೊಳ್ಳುವುದು ಬೇರೆಯೇ ಮಾತು. 2009ರ ಮೇ ತಿಂಗಳಿನಲ್ಲಿ ಬೀಸಿದ ಐಲಾ ಚಂಡಮಾರುತ ಬಾಂಗ್ಲಾದೇಶದಲ್ಲಿ ಬಲಿತೆಗೆದುಕೊಂಡದ್ದು ಇನ್ನೂರರೊಳಗಿನ ಜನರನ್ನು. ಆದರೆ ಖುಲ್ನಾ, ಸಾತ್‌ಖೀರಾ ಸೀಮೆಗಳ ಒಡ್ಡುಗಳು ಒಡೆದು ಒಳನುಗ್ಗಿದ ಕಡಲು ಹಲವು ಗ್ರಾಮಗಳಿಂದ ತಿಂಗಳುಗಟ್ಟಲೆ ಹಿಂದಿರುಗಲಿಲ್ಲ. ಹೊಲವೆಲ್ಲಿ, ಹೊಳೆಯೆಲ್ಲಿ ಎಂಬ ಭೇದವೇ ಅಳಿಸಿಹೋಗಿ, ಜನ ಉಳಿದ ಒಡ್ಡಿನ ನೆತ್ತಿಯ ಮೇಲೆ ಗುಡಿಸಲು ಹಾಕಿಕೊಂಡರು. ನೀರು ಇಳಿದ ಮೇಲೂ ಮಣ್ಣಿನಲ್ಲಿ ಉಪ್ಪು ಉಳಿಯಿತು. ಕುಡಿಯುವ ಕೆರೆಗಳು ಕೆಟ್ಟು, ಒಂದು ಕೊಡ ಸಿಹಿನೀರಿಗಾಗಿ ಹೆಂಗಸರು ಮೈಲಿಗಳನ್ನು ನಡೆಯುವಂತಾಯಿತು. ಉಪ್ಪಿನ ಪಾಪವನ್ನೆಲ್ಲ ಹವಾಮಾನದ ತಲೆಗೇ ಕಟ್ಟುವುದು ನ್ಯಾಯವಲ್ಲ. ಸಿಗಡಿ ಸಾಕುವ ಲಾಭಕ್ಕಾಗಿ ಒಡ್ಡನ್ನು ಕೊರೆದು ಉಪ್ಪುನೀರನ್ನು ತಾವೇ ಒಳಗೆ ಬಿಟ್ಟುಕೊಂಡ ಉಳ್ಳವರೂ ಅಲ್ಲಿ ಉಂಟು. ಆದರೆ ಏರುತ್ತಿರುವ ಕಡಲನ್ನು ಅವರು ಕರೆತಂದವರಲ್ಲ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಆ ಇಡೀ ದೇಶದ ಪಾಲು ನೂರಕ್ಕೆ ಸುಮಾರು ಅರ್ಧದಷ್ಟು ಮಾತ್ರ.

ಇಂಥ ದೇಶಗಳಿಗೆ ನೆರವಾಗಲು ವರ್ಷಕ್ಕೆ 10,000 ಕೋಟಿ ಡಾಲರುಗಳನ್ನು 2020ರೊಳಗೆ ಒದಗಿಸುವೆವೆಂದು ಶ್ರೀಮಂತ ರಾಷ್ಟ್ರಗಳು 2009ರಲ್ಲಿ, ಐಲಾ ಬಂದ ವರ್ಷವೇ, ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟವು. ಅವುಗಳದೇ ಲೆಕ್ಕದಂತೆ ಆ ಮೊತ್ತ ಮೊದಲಬಾರಿಗೆ ಮುಟ್ಟಿದ್ದು 2022ರಲ್ಲಿ. ವಿಳಂಬವನ್ನು ಮನ್ನಿಸೋಣ, ಮನ್ನಿಸಲಾಗದ್ದು ಬೇರೊಂದಿದೆ. ಅದರಲ್ಲಿ ಸರ್ಕಾರಗಳೂ ಅಭಿವೃದ್ಧಿ ಬ್ಯಾಂಕುಗಳೂ ಕೊಟ್ಟ ಸಾರ್ವಜನಿಕ ಹಣದ ಮೂರರಲ್ಲಿ ಎರಡು ಪಾಲಿಗೂ ಮಿಕ್ಕದ್ದು ಸಾಲ. ನೆರೆಯವನ ಕೊಳಚೆ ಹರಿದು ನಮ್ಮ ಬಾವಿ ಕೆಟ್ಟಾಗ, ಹೊಸ ಬಾವಿ ತೋಡಿಸಿಕೊಳ್ಳಿರೆಂದು ಅವನೇ ಬಡ್ಡಿಗೆ ಹಣ ನೀಡಿ ಉಪಕಾರಿಯೆನಿಸಿಕೊಂಡಂತಾಯಿತು. ಸೂರ್ಯಶಕ್ತಿಯ ಸ್ಥಾವರಕ್ಕೆ ಸಾಲವಾದರೆ ಒಪ್ಪಬಹುದು, ಏಕೆಂದರೆ ವಿದ್ಯುತ್ತನ್ನು ಮಾರಿ ಕಂತು ಕಟ್ಟಬಹುದು. ಕಡಲೊಡ್ಡು ಏನನ್ನು ಮಾರೀತು? ಆಶ್ರಯಗೃಹದ ಬಾಗಿಲಲ್ಲಿ ನಿಂತು ಟಿಕೆಟ್ಟು ಹರಿಯುವುದೆ? ಒಡ್ಡಿನ ಪ್ರತಿಫಲವೆಂದರೆ ಬಾರದೆ ಹೋದ ಪ್ರವಾಹ, ಸಾಯದೆ ಉಳಿದ ಮಗು. ಇವು ಯಾವ ಬ್ಯಾಂಕಿನ ಜಮಾಖರ್ಚಿನಲ್ಲಿಯೂ ಆದಾಯವಾಗಿ ಏರುವುದಿಲ್ಲ, ಬಡ್ಡಿ ಮಾತ್ರ ವರುಷವರುಷವೂ ತಪ್ಪದೆ ಏರುತ್ತದೆ, ಕಡೆಗೆ ಅದು ಕಳೆಯುವುದು ಶಾಲೆಯ, ಆಸ್ಪತ್ರೆಯ ಹಣದಲ್ಲಿಯೇ.

ಸುಮ್ಮನೆ ಕೊಟ್ಟ ಹಣ ಸೋರಿಹೋಗುತ್ತದೆಯೆಂಬ ಆಕ್ಷೇಪವೊಂದುಂಟು. ಸೋರುತ್ತದೆ, ನಿಜ, ಆದರೆ ಸಾಲದ ಹಣ ಸೋರುವುದಿಲ್ಲವೆಂದು ಯಾರು ಹೇಳಿದರು? ಲೆಕ್ಕವನ್ನು ಆ ಬಾವುಟ ಏರಿಸುವವರ ಮುಂದೆ, ಅದೇ ಶಾಲೆಯ ಜಗಲಿಯಲ್ಲಿ, ಓದಿ ಹೇಳತಕ್ಕದ್ದು. ಗುತ್ತಿಗೆದಾರ ಒಡ್ಡಿಗೆ ಎಷ್ಟು ಮಣ್ಣು ಹಾಕಿದನೆಂಬುದು ಅವರಿಗಿಂತ ಚೆನ್ನಾಗಿ ಯಾವ ತಜ್ಞನಿಗೂ ತಿಳಿಯದು. ಬಾಂಗ್ಲಾದೇಶ ಕೈಕಟ್ಟಿ ಕುಳಿತು ಬೇಡುತ್ತಿದೆಯೆಂಬುದೂ ಸುಳ್ಳು. ತನ್ನ ಸ್ವಂತ ಬೊಕ್ಕಸದಿಂದಲೇ ಹವಾಮಾನ ನಿಧಿಯೊಂದನ್ನು ಅದು ಹತ್ತು ಹನ್ನೆರಡು ವರ್ಷಗಳಿಗೂ ಹಿಂದೆಯೇ ತೆರೆಯಿತು.

ಆಗಿಹೋದ ಹಾನಿಯನ್ನು ಭರಿಸಲು 2022ರಲ್ಲಿ ಶರ್ಮ್ ಅಲ್ ಶೇಖ್‌ನಲ್ಲಿ ನಿರ್ಧರಿಸಿ, ಮರುವರ್ಷ ದುಬೈಯಲ್ಲಿ ರೂಪಕ್ಕೆ ತಂದ ಜಾಗತಿಕ ನಿಧಿಗೆ ಮೊದಮೊದಲು ಕೂಡಿಬಂದ ವಾಗ್ದಾನ ಸುಮಾರು 70 ಕೋಟಿ ಡಾಲರು. 2022ರ ಪಾಕಿಸ್ತಾನದ ಪ್ರವಾಹವೊಂದರಿಂದಲೇ ಆದ ನಷ್ಟ ಸುಮಾರು 3,000 ಕೋಟಿ ಡಾಲರೆಂದು ಅಂದಾಜಾಗಿತ್ತು. ಮೊತ್ತ ಹೆಚ್ಚಲು ಇನ್ನೆಷ್ಟು ಸಮ್ಮೇಳನಗಳು ಬೇಕೋ. ಆದರೆ ಆ ನಿಧಿಯ ನಿಯಮಗಳಲ್ಲಿ ಅನುದಾನದ ಪಕ್ಕದಲ್ಲಿಯೇ ಅಲ್ಪಬಡ್ಡಿಯ ಸಾಲಕ್ಕೂ ಎಡೆಮಾಡಿಕೊಟ್ಟಿದ್ದಾರೆ; ಆ ಎಡೆಯನ್ನು ಬಳಸದೆ ಅನುದಾನವನ್ನಷ್ಟೇ ನೀಡುವುದಕ್ಕೆ ಸಮ್ಮೇಳನಗಳ ಸಾಲೇನೂ ಬೇಕಾಗಿಲ್ಲ, ಆಡಳಿತ ಮಂಡಳಿಯ ಒಂದು ಬೈಠಕ್ಕು ಸಾಕು.