ಉಮೇದುವಾರರೂ ಸಾರ್ವಜನಿಕ ಸಂಪರ್ಕವೂ

ಪರರ ಹೆಸರನ್ನು ಜನರಲ್ಲಿ ಬೆಳಗಿಸುವುದನ್ನೇ ವೃತ್ತಿಯಾಗಿ ಕೈಕೊಂಡವರು ತಮ್ಮ ಬಾಗಿಲಿಗೆ ಬಂದವರೊಡನೆ ಹೇಗೆ ನಡೆದುಕೊಳ್ಳುತ್ತಾರೆಂಬುದು ವಿಚಾರಾರ್ಹವಾದ ವಿಷಯವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಪದವೀಧರರಾದ ತರುಣ ತರುಣಿಯರು ಬೆಂಗಳೂರಿನ ಸಾರ್ವಜನಿಕ ಸಂಪರ್ಕ ಸಂಸ್ಥೆಗಳಿಗೆ ಸಂದರ್ಶನಕ್ಕೆಂದು ಹೋಗಿಬರುತ್ತಿದ್ದಾರೆ. ಅವರಲ್ಲಿ ಕೆಲವರು ನಮ್ಮೊಡನೆ ಹೇಳಿಕೊಂಡ ಸಂಗತಿಗಳನ್ನು ವಾಚಕ ಮಹಾಶಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮುಂಜಾನೆಯ ಬಸ್ಸನ್ನೋ ರೈಲನ್ನೋ ಹಿಡಿದು ಹೋದ ಉಮೇದುವಾರನನ್ನು ಮಧ್ಯಾಹ್ನದವರೆಗೆ ಕೂರಿಸುವುದುಂಟು. ಮೊದಲ ಸುತ್ತಿನಲ್ಲಿ ಊರು, ಓದುಗಳ ವಿಚಾರಣೆ; ಎರಡನೆಯದರಲ್ಲಿ ಪತ್ರಿಕಾ ಪ್ರಕಟಣೆಯ ಬರವಣಿಗೆ; ಮೂರನೆಯದರಲ್ಲಿ, ಯಾವುದೋ ಸರಕಿನ ಪ್ರಚಾರಕ್ಕೆ ಆದ್ಯಂತವಾದ ಯೋಜನೆಯನ್ನು ಮನೆಯಲ್ಲಿ ಕುಳಿತು ಬರೆದು ತರಬೇಕೆಂಬ ಆಜ್ಞೆ. ಸಂಬಳವೆಷ್ಟೆಂಬ ಪ್ರಶ್ನೆಗೆ ಕೊನೆಯವರೆಗೂ ಉತ್ತರವಿಲ್ಲ. ಕಡೆಗೆ 'ತಿಳಿಸುತ್ತೇವೆ' ಎಂಬ ಒಂದು ಮಾತು. ಆ ಬಳಿಕ ಕಾಗದವೂ ಇಲ್ಲ, ಕರೆಯೂ ಇಲ್ಲ. ಎಲ್ಲ ಸಂಸ್ಥೆಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಮರ್ಯಾದೆಯಿಂದ ಮಾತನಾಡಿಸಿ, ತಪ್ಪನ್ನು ತಿದ್ದಿ, ಕೆಲಸವಿಲ್ಲವೆಂಬುದನ್ನು ನೇರವಾಗಿ ತಿಳಿಸಿದವರೂ ಇದ್ದಾರೆ. ಅವರಿಗೆ ನಮ್ಮ ವಂದನೆಗಳು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡನ್ನು ತಂದ ರೈತನಿಗೆ ಹರಾಜಿನಲ್ಲಿ ತನ್ನ ಮಾಲಿನ ಬೆಲೆ ಅಂದೇ ತಿಳಿಯುತ್ತದೆ. ಹದಿನೈದು ವರ್ಷ ಓದಿದ ಅವನ ಮಗನಿಗೆ ಮಾತ್ರ ತನ್ನ ವಿದ್ಯೆಯ ಬೆಲೆ ತಿಂಗಳು ಕಳೆದರೂ ತಿಳಿಯದು! ನೂರಾರು ಅರ್ಜಿಗಳು ಬರುವಾಗ ಎಲ್ಲರಿಗೂ ಉತ್ತರಿಸುವುದೆಂತೆಂದು ಸಂಸ್ಥೆಯವರು ಕೇಳಬಹುದು. ಒಂದೇ ಪ್ರಕಟಣೆಯನ್ನು ನೂರು ಪತ್ರಿಕೆಗಳಿಗೆ ಕ್ಷಣಮಾತ್ರದಲ್ಲಿ ಕಳುಹಿಸಬಲ್ಲವರು, ಕರೆಸಿಕೊಂಡ ಹತ್ತು ಮಂದಿಗೆ ಒಂದು ಸಾಲು ಬರೆಯಲಾರರೆಂದರೆ ಯಾರು ನಂಬುವರು?

ಎರಡನೆಯದು ಭಾಷೆಯ ವಿಷಯ. ಇಂಗ್ಲಿಷಿನ ಉಚ್ಚಾರಣೆ ತಡವರಿಸಿದೊಡನೆ ಸಂದರ್ಶನವು ಮುಗಿದಂತೆಯೇ ಎಂದು ಹಲವರು ಹೇಳುತ್ತಾರೆ. ಇತ್ತ ನಮ್ಮ ಕಛೇರಿಗೆ ಬೆಂಗಳೂರಿನಿಂದ ಬರುವ ಕನ್ನಡ ಪ್ರಕಟಣೆಗಳಲ್ಲಿ ಕರ್ತೃವಿಗೂ ಕ್ರಿಯೆಗೂ ಸಂಬಂಧವಿಲ್ಲದ ವಾಕ್ಯಗಳು ಎಷ್ಟೋ ಇರುತ್ತವೆ. ಅವನ್ನು ತಿದ್ದುವ ಶ್ರಮ ನಮ್ಮ ಪಾಲಿಗೆ; ತಿದ್ದಬಲ್ಲ ಹುಡುಗ ಬರಿಗೈಯಲ್ಲಿ ಊರಿಗೆ. ನಮ್ಮ ಗಡಿನಾಡಿನ ತರುಣರಲ್ಲಿ ಅನೇಕರಿಗೆ ತೆಲುಗೂ ಬರುತ್ತದೆ. ಈ ಯೋಗ್ಯತೆಯನ್ನು ಕೇಳುವವರೇ ಇಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿಯೇ ಎದುರಿಸಬಹುದು. ದೇಶದ ಅತ್ಯುನ್ನತ ಅಧಿಕಾರಿಗಳ ಆಯ್ಕೆಗೆ ಸಲ್ಲುವ ಭಾಷೆಯು ಪ್ರಚಾರ ಸಂಸ್ಥೆಯೊಂದರ ಮೇಜಿಗೆ ಸಲ್ಲದೆ? ಇಂಗ್ಲಿಷನ್ನು ಪರೀಕ್ಷಿಸಬೇಡಿರೆಂದು ನಾವು ಹೇಳುವುದಿಲ್ಲ. ಕನ್ನಡದ ಕೆಲಸವಿದ್ದಲ್ಲಿ ಕನ್ನಡವನ್ನೂ ಪರೀಕ್ಷಿಸಿರೆಂದು ಕೇಳುತ್ತೇವೆ.

ಮೂರನೆಯದು ಪುಕ್ಕಟೆ ದುಡಿಮೆ. ಬರೆಯುವವನ ಬರಹವನ್ನು ನೋಡದೆ ಕೆಲಸ ಕೊಡಲಾಗದೆಂಬುದು ನಿಜ. ಅದಕ್ಕೆ ಕಛೇರಿಯಲ್ಲಿ ಒಂದು ಗಂಟೆಯ ಪರೀಕ್ಷೆ ಸಾಲದೆ? 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದ ಪ್ರಕಾರ ಬರಹದ ಮೊದಲ ಒಡೆತನ ಬರೆದವನದು. ನೌಕರನು ಕೆಲಸದ ಅಂಗವಾಗಿ ಬರೆದುದು ಮಾತ್ರ, ಬೇರೆ ಕರಾರಿಲ್ಲದಿದ್ದರೆ, ಯಜಮಾನನಿಗೆ ಸೇರುತ್ತದೆ. ಉಮೇದುವಾರನು ಇನ್ನೂ ನೌಕರನಲ್ಲ. ಆ ಹಕ್ಕನ್ನು ವರ್ಗಾಯಿಸಲು 19ನೆಯ ಪ್ರಕರಣವು ಲಿಖಿತ ಪತ್ರವನ್ನೂ ರುಜುವನ್ನೂ ಅಪೇಕ್ಷಿಸುತ್ತದೆ. ಹೀಗಿರುವಲ್ಲಿ, ತಿರಸ್ಕೃತನಾದವನ ಬರಹವನ್ನು ಅವನ ಒಪ್ಪಿಗೆಯಿಲ್ಲದೆ ಬಳಸುವುದು ನ್ಯಾಯಕ್ಕೂ ಕಾನೂನಿಗೂ ಹೊರಗು.

1906ರಲ್ಲಿ, ಈ ವೃತ್ತಿಯ ಆದ್ಯರಲ್ಲೊಬ್ಬರಾದ ಅಮೆರಿಕಾದ ಐವಿ ಲೀ ಎಂಬವರು ತಮ್ಮ ಕೆಲಸವೆಲ್ಲ ಬಹಿರಂಗವಾಗಿ ನಡೆಯುವುದೆಂದು ಪತ್ರಿಕೆಗಳಿಗೆ ಮಾತು ಕೊಟ್ಟರು. ಆ ತತ್ತ್ವವು ಉಮೇದುವಾರರಿಗೂ ಅನ್ವಯಿಸಲಿ. ಸಂಬಳ, ಸುತ್ತುಗಳ ಸಂಖ್ಯೆ, ಬೇಕಾದ ಭಾಷೆ ಇವು ಜಾಹೀರಾತಿನಲ್ಲಿಯೇ ಇರಲಿ. ಮೊದಲ ಸುತ್ತನ್ನು ದೂರವಾಣಿಯಲ್ಲಿ ನಡೆಸಿದರೆ ಬಡವನ ಬಸ್ಸಿನ ದುಡ್ಡು ಉಳಿಯುತ್ತದೆ. ದೀರ್ಘವಾದ ಬರಹಕ್ಕೆ ಸಂಭಾವನೆಯೂ, ಹದಿನೈದು ದಿನಗಳೊಳಗೆ ಉತ್ತರವೂ ದೊರೆಯಲಿ.

ನಮ್ಮ ತರುಣರಿಗೂ ಎರಡು ಮಾತು. ಕೊಟ್ಟ ಬರಹದ ಪ್ರತಿಯನ್ನು ತಾರೀಖಿನೊಡನೆ ಇಟ್ಟುಕೊಳ್ಳಿರಿ. ಕೆಲಸ ಕೊಡಿಸುವೆವೆಂದು ಹಣವನ್ನಾಗಲಿ ಮೂಲ ಯೋಗ್ಯತಾಪತ್ರಗಳನ್ನಾಗಲಿ ಕೇಳುವವರಿಂದ ದೂರವಿರಿ. ಸಂಬಳವನ್ನು ಕೇಳುವುದು ಅವಿನಯವಲ್ಲ. ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಯಿರಿ. ಆದರೆ ಅದು ತಡವರಿಸಿತೆಂದು ತಲೆ ತಗ್ಗಿಸಬೇಡಿರಿ.

ಇಂದು ಮೌನದಿಂದ ಹಿಂದಿರುಗಿಸಲ್ಪಟ್ಟ ಉಮೇದುವಾರನು ನಾಳೆ ಪತ್ರಿಕೆಯ ಮೇಜಿನಲ್ಲೋ ಸರಕಾರದ ಕಛೇರಿಯಲ್ಲೋ ಕುಳಿತು ಇದೇ ಸಂಸ್ಥೆಯ ಪ್ರಕಟಣೆಯನ್ನು ಓದುವವನಾಗಬಹುದು. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯನ್ನು ತಮ್ಮ ಮೇಲೆ ತಂದುಕೊಳ್ಳದಿರುವುದು ಸಂಸ್ಥೆಗಳ ಕೈಯಲ್ಲಿಯೇ ಇದೆ.